ಮೇಷ್ಟ್ರ ಫೋನಿನಲ್ಲಿ ಜಾಗ ತಿಂದವರು ಯಾರು?

ಪ್ರಶ್ನೆ: ಮೇಡಂ, ನಾನು ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಮನೆ ಹನುಮಂತನಗರ. ನನ್ನದು 32 ಜಿಬಿಯ ಆಂಡ್ರಾಯ್ಡ್ ಫೋನು. ಕಡಲೆಕಾಯಿ ಪರಿಷೆಯಲ್ಲಿ ಮೊಮ್ಮಗಳು ದೊಡ್ಡ ಬಸವಣ್ಣನ ಮುಂದೆ ಕೈಮುಗಿದು ನಿಂತಿದ್ದಳು. ವಿಡಿಯೋ ಮಾಡೋಣ ಅಂತ ಫೋನ್ ತೆಗೆದರೆ ‘ಸ್ಟೋರೇಜ್ ಫುಲ್’ ಅಂತು. ಮನೆಗೆ ಬಂದು ಮುನ್ನೂರು ಫೋಟೊ ಅಳಿಸಿದೆ. ಎರಡೇ ದಿನಕ್ಕೆ ಮತ್ತೆ ಅದೇ ರಾಗ. ಹೊಸ ಫೋನ್ ತಗೊಳ್ಳಿ ಅಂತಾನೆ ಮಗ. ಬೇಕೇ ಬೇಕಾ?

ಉತ್ತರ: ಬೇಡ ಮೇಷ್ಟ್ರೇ. ಮೊದಲು ಫೋಟೊ ಅಳಿಸೋದು ನಿಲ್ಲಿಸಿ. ಒಂದು ಫೋಟೊ ಮೂರ್ನಾಲ್ಕು ಎಂಬಿ ಇರುತ್ತೆ. ಮುನ್ನೂರು ಅಳಿಸಿದರೂ ಸಿಗೋದು ಒಂದು ಜಿಬಿ ಚಿಲ್ಲರೆ. ಅದೂ ಎಷ್ಟೋ ಫೋನುಗಳಲ್ಲಿ ಗ್ಯಾಲರಿಯ ಕಸದ ಬುಟ್ಟಿಯಲ್ಲಿ 30 ದಿನ ಹಾಗೇ ಬಿದ್ದಿರುತ್ತೆ.

ಇನ್ನು 32 ಅನ್ನೋದೂ ಪೂರ್ತಿ 32 ಅಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ. ಕಂಪ್ಯೂಟರಿನ 1024ರ ಲೆಕ್ಕ ಹಿಡಿದರೆ ಅದು 29.8. ಅದರಲ್ಲಿ ಆಂಡ್ರಾಯ್ಡೇ ದೊಡ್ಡ ಪಾಲು ತಿಂದಿರುತ್ತೆ.

ಕಳೆದ ವಾರ ಶ್ರೀನಗರದ ನಮ್ಮ ರಿಪೇರಿ ಅಂಗಡಿಗೆ ನಿಮ್ಮಂಥದ್ದೇ ಒಂದು ಫೋನ್ ಬಂತು. ಬರೀ ವಾಟ್ಸಾಪ್ 11 ಜಿಬಿ ಹಿಡಿದಿತ್ತು. ಅದರಲ್ಲಿ ಅರ್ಧಕ್ಕರ್ಧ ಒಂದೇ ಫ್ಯಾಮಿಲಿ ಗ್ರೂಪಿನದು. ದೀಪ ಉರಿದು ಶ್ಲೋಕ ಬರುವ ಒಂದು ಶುಭೋದಯದ ವಿಡಿಯೋ ಒಂಬತ್ತು ಸಲ ಬಂದು ಕೂತಿತ್ತು. ಆ ಯಜಮಾನರೂ ನಿಮ್ಮ ಹಾಗೇ ಮನೆ ಫೋಟೊಗಳನ್ನು ಒಂದೊಂದಾಗಿ ಅಳಿಸ್ತಾ ಇದ್ದರು, ಪಾಪ.

ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’, ಅದರೊಳಗೆ ‘ಮ್ಯಾನೇಜ್ ಸ್ಟೋರೇಜ್’ ಒತ್ತಿ. 5 ಎಂಬಿಗಿಂತ ದೊಡ್ಡ ಫೈಲುಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ ತೋರಿಸುತ್ತೆ. ಕೆಳಗೆ ಯಾವ ಗ್ರೂಪು ಎಷ್ಟು ತಿಂದಿದೆ ಅನ್ನೋ ಪಟ್ಟಿಯೂ ಇರುತ್ತೆ. ಅಲ್ಲಿಂದಲೇ ಆರಿಸಿ ಅಳಿಸಿ. ಆಮೇಲೆ ಅದೇ ‘ಸ್ಟೋರೇಜ್ ಅಂಡ್ ಡೇಟಾ’ದಲ್ಲಿ ಆಟೋ ಡೌನ್‌ಲೋಡ್‌ಗೆ (ಬಂದದ್ದೆಲ್ಲ ತಾನಾಗಿ ಫೋನಿಗೆ ಇಳಿಯೋ ಏರ್ಪಾಟು) ಹೋಗಿ ವಿಡಿಯೋ ಮುಂದಿನ ಟಿಕ್ ತೆಗೆಯಿರಿ, ಮೊಬೈಲ್ ಡೇಟಾಗೂ ವೈಫೈಗೂ. ನಿಮ್ಮ ‘ಎರಡೇ ದಿನಕ್ಕೆ ಮತ್ತೆ’ ಅನ್ನೋ ಕಾಯಿಲೆಯ ಬೇರು ಇದೇ. ‘ಮೀಡಿಯಾ ವಿಸಿಬಿಲಿಟಿ’ ಆಫ್ ಮಾಡಿದ್ದೀನಿ ಅಂತ ಕೆಲವರು ನೆಮ್ಮದಿಯಾಗಿರ್ತಾರೆ. ಅದರಿಂದ ಫೋಟೊ ಗ್ಯಾಲರಿಯಲ್ಲಿ ಕಾಣಿಸೋದಿಲ್ಲ ಅಷ್ಟೇ, ಜಾಗ ಉಳಿಯಲ್ಲ.

ಇನ್ನೊಂದು ಕಳ್ಳ ಮೂಲೆ ಇದೆ. ನೀವು ಗ್ಯಾಲರಿಯಿಂದ ಯಾರಿಗಾದರೂ ವಿಡಿಯೋ ಕಳಿಸಿದರೆ ಅದರದೊಂದು ಪ್ರತಿಯನ್ನು ವಾಟ್ಸಾಪು ‘ಸೆಂಟ್’ ಅನ್ನೋ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತೆ. ಗ್ಯಾಲರಿಯಲ್ಲಿ ಅದು ಕಾಣಲ್ಲ. ಫೈಲ್ಸ್ ಆ್ಯಪಿನಲ್ಲಿ ವಾಟ್ಸಾಪ್ ವಿಡಿಯೋ ಫೋಲ್ಡರ್ ತೆರೆದರೆ ಸಿಗುತ್ತೆ.

ಫೋಟೊಗಳ ವಿಷಯಕ್ಕೆ ಬಂದರೆ ನನ್ನ ಪೆದ್ದುತನ ಹೇಳಲೇಬೇಕು. ಅಕ್ಕನ ಮಗುವಿನ ನಾಮಕರಣದ 400 ಫೋಟೊ ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿತ್ತು, ಅಂದರೆ ಇಂಟರ್ನೆಟ್ಟಿನಲ್ಲಿ ಗೂಗಲ್ ಕೊಟ್ಟಿರೋ ಜಾಗದಲ್ಲಿ, ನಮ್ಮ ಮಾತಿನಲ್ಲಿ ‘ಮೇಲೆ’, ಒಂದೊಂದು ಪ್ರತಿ ಇತ್ತು. ಮೇಲೆ ಇದೆಯಲ್ಲ ಅಂತ ಅದೇ ಆ್ಯಪಿನಲ್ಲಿ ಎಲ್ಲ ಆರಿಸಿ ಡಿಲೀಟ್ ಒತ್ತಿದೆ. ಫೋನಿನಲ್ಲೂ ಹೋಯ್ತು, ಮೇಲೂ ಹೋಯ್ತು. ಊರಿನ ಫೋನೆಲ್ಲ ರಿಪೇರಿ ಮಾಡೋಳು ನಾನು! ಬ್ಯಾಕಪ್ ಆದ ಫೋಟೊ ಅದರ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತೆ. ಹಾಗಾಗಿ ಅಕ್ಕನ ಬಾಯಿಂದ ಬಚಾವಾದೆ. ಫೋನಿನಿಂದ ಮಾತ್ರ ತೆಗೀಬೇಕಾದರೆ ಒತ್ತಬೇಕಾದ್ದು ‘ಫ್ರೀ ಅಪ್ ಸ್ಪೇಸ್’. ಮೇಲಿನ ಜಾಗವೂ ಬಿಟ್ಟಿ ಸಿಗೋದು 15 ಜಿಬಿ, ಜಿಮೇಲ್ ಸೇರಿಸಿ. 2021ರ ಜೂನ್ 1ರಿಂದ ಹಾಕಿದ ಫೋಟೊಗಳೆಲ್ಲ ಆ ಲೆಕ್ಕಕ್ಕೇ ಬರುತ್ತವೆ. ಅದು ತುಂಬಿದರೆ ಹೊಸ ಮೇಲ್ ಬರೋದೂ ನಿಲ್ಲುತ್ತೆ. ನನ್ನ ಕೇಳಿದರೆ, ಫೋನಿಗೆ ನೇರ ಸಿಕ್ಕಿಸೋ ಓಟಿಜಿ ಪೆನ್‌ಡ್ರೈವ್ ಒಂದು ತಗೊಂಡು ಮೊಮ್ಮಗಳದ್ದೆಲ್ಲ ಅದರಲ್ಲೂ ಒಂದು ಪ್ರತಿ ಹಾಕಿಡಿ.

ಮೂರು ಜಿಬಿಯಾದರೂ ಸದಾ ಖಾಲಿ ಇರಲಿ. ಯಾಕೆ ಅಂದರೆ, ಫೋನಿನ ಮೆಮೊರಿ ನಿಮ್ಮ ಮಕ್ಕಳ ಸ್ಲೇಟಿನ ಹಾಗಲ್ಲ, ಒಂದೇ ಅಕ್ಷರ ಉಗುಳು ಹಚ್ಚಿ ಒರೆಸೋಕಾಗಲ್ಲ. ಒಂದಕ್ಷರ ತಿದ್ದಬೇಕಾದರೂ ಬೇಕಾದ್ದನ್ನೆಲ್ಲ ಬೇರೆ ಖಾಲಿ ಸ್ಲೇಟಿಗೆ ಬರೆದುಕೊಂಡು, ಹಳೇದನ್ನು ಪೂರ್ತಿ ಒರೆಸಬೇಕು. ಖಾಲಿ ಸ್ಲೇಟು ಕಮ್ಮಿಯಾದ ಹಾಗೆ ಫೋನು ತಡವರಿಸುತ್ತೆ.

‘ಕ್ಲೀನರ್’ ಅಂತ ಬರೋ ಆ್ಯಪುಗಳ ಹತ್ತಿರ ಮಾತ್ರ ಸುಳೀಬೇಡಿ. ಅವುಗಳ ಜಾಹೀರಾತಿಗೇ ಜಾಗ ಬೇಕು.

ಪ್ರಶ್ನೆ: ಎಸ್.ಪಿ. ರೋಡ್ ಕಡೆ ಹೋಗಿದ್ದಾಗ ಫುಟ್‌ಪಾತಿನಲ್ಲಿ 512 ಜಿಬಿ ಮೆಮೊರಿ ಕಾರ್ಡು 350 ರೂಪಾಯಿಗೆ ಸಿಕ್ಕಿತು. ಧೈರ್ಯವಾಗಿ ಹಾಕಬಹುದಾ? (ಓದುಗರು, ವಿಜಯನಗರ)

ಉತ್ತರ: ಆ ದುಡ್ಡಿಗೆ 512 ಬರಲ್ಲ ಸಾರ್. ಒಳಗಿರೋದು ಎಂಟೋ ಹದಿನಾರೋ ಜಿಬಿ ಇರಬಹುದು, 512 ಅಂತ ಸುಳ್ಳು ಹೇಳೋ ಹಾಗೆ ಅದಕ್ಕೆ ಪಾಠ ಹೇಳಿಕೊಟ್ಟಿರ್ತಾರೆ. ನಿಜವಾದ ಜಾಗ ತುಂಬಿದ ಮೇಲೂ ‘ಕಾಪಿ ಆಯ್ತು’ ಅನ್ನುತ್ತೆ, ತೆರೆದರೆ ಫೈಲು ಹಾಳಾಗಿರುತ್ತೆ. ಕಂಪ್ಯೂಟರಿಗೆ ಹಾಕಿ ‘ಎಚ್2ಟೆಸ್ಟ್‌ಡಬ್ಲ್ಯೂ’ ಅನ್ನೋ ಉಚಿತ ಪ್ರೋಗ್ರಾಮು ಓಡಿಸಿ. ಕಾರ್ಡಿನ ತುಂಬ ಬರೆದು, ಮತ್ತೆ ಓದಿ, ಬಂಡವಾಳ ಬಯಲು ಮಾಡುತ್ತೆ. ಗಂಟೆಗಟ್ಟಲೆ ಹಿಡಿಯುತ್ತೆ, ರಾತ್ರಿ ಹಾಕಿ ಮಲಗಿ. ಅಲ್ಲಿಯವರೆಗೆ ಮನೆ ಫೋಟೊ ಒಂದೂ ಅದಕ್ಕೆ ಸಾಗಿಸಬೇಡಿ.