ಬದಲಾಗುವುದು ಬೇರೆ, ಬೇರೆಯಾಗುವುದು ಬೇರೆ

ಓದುಗರ ಪತ್ರ: "ಕಳೆದ ಸಂಚಿಕೆಯ ವಿಕಾಸದ ಲೇಖನವನ್ನು ಹತ್ತನೇ ತರಗತಿಯಲ್ಲಿ ಓದಿ ಹೇಳಿದೆ. ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: 'ಸರ್, ಪರಿಸರಕ್ಕೆ ತಕ್ಕಂತೆ ಒಂದು ಹಕ್ಕಿ ಬದಲಾಗುತ್ತೆ, ಸರಿ. ಆದರೆ ಒಂದು ಜಾತಿ ಎರಡು ಜಾತಿ ಆಗೋದು ಹೇಗೆ? ಯಾರಾದ್ರೂ ಕಣ್ಣಾರೆ ನೋಡಿದ್ದಾರಾ?' ಅವಳಿಗೆ ಏನು ಹೇಳಲಿ?"
– ಪ್ರೌಢಶಾಲಾ ಶಿಕ್ಷಕರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಮೇಷ್ಟ್ರೇ,

ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ನಮ್ಮ ಲೇಖನ ನಿಸರ್ಗದ ಆಯ್ಕೆಯ ಬಗ್ಗೆ, ಅಂದರೆ ಪರಿಸರಕ್ಕೆ ಹೊಂದುವವು ಉಳಿದು ಮರಿ ಮಾಡುವುದರ ಬಗ್ಗೆ, ಹೇಳಿ ಅಲ್ಲಿಗೇ ನಿಂತಿತ್ತು. ಒಂದು ಜಾತಿ ತಲೆಮಾರುಗಳಲ್ಲಿ ಬದಲಾಗುವುದಕ್ಕೆ ಆಯ್ಕೆ ಸಾಕು. ಎರಡಾಗಿ ಒಡೆಯಬೇಕಾದರೆ ಮಧ್ಯೆ ಏನಾದರೂ ಅಡ್ಡ ಬರಬೇಕು.

ಮೊದಲು ಆಯ್ಕೆಯ ವಿಷಯ. ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳಲ್ಲಿ ಡ್ಯಾಫ್ನೆ ಮೇಜರ್ ಅಂತ ಒಂದು ಪುಟ್ಟ ದ್ವೀಪವಿದೆ. ಊರಿಲ್ಲ, ಜನರಿಲ್ಲ, ಬರೀ ಬಂಡೆ, ಪಾಪಾಸುಕಳ್ಳಿ, ಒಂದಿಷ್ಟು ಕುರುಚಲು. ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿ 1973ರಲ್ಲಿ ಅಲ್ಲಿ ಫಿಂಚ್ ಹಕ್ಕಿಗಳನ್ನು ಹಿಡಿದು, ಕಾಲಿಗೆ ಬಣ್ಣದ ಉಂಗುರ ತೊಡಿಸಿ, ಕೊಕ್ಕು ಅಳೆದು ಬಿಡುವ ಕೆಲಸ ಶುರು ಮಾಡಿದರು. ಯಾವ ಹಕ್ಕಿಗೆ ಯಾವ ಮರಿ, ಯಾವುದು ಸತ್ತಿತು, ಯಾವುದು ಉಳಿಯಿತು ಅಂತ ದಶಕಗಳ ಕಾಲ ಬರೆದಿಟ್ಟರು.

1977ರಲ್ಲಿ ಮಳೆ ಕೈಕೊಟ್ಟಿತು. ಸಣ್ಣ, ಮೆತ್ತಗಿನ ಬೀಜಗಳು ಮೊದಲು ಖಾಲಿಯಾದವು. ಕೊನೆಗೆ ಉಳಿದಿದ್ದು ಹೆಚ್ಚಾಗಿ ಟ್ರಿಬ್ಯುಲಸ್ ಗಿಡದ ಕಾಯಿ. ನಮ್ಮ ಹೊಲದ ಬದುವಿನಲ್ಲಿ ಕಾಲಿಗೆ ಚುಚ್ಚುವ ನೆಗ್ಗಿಲ ಮುಳ್ಳು ಗೊತ್ತಲ್ಲ, ಅದರ ಹತ್ತಿರದ ಸಂಬಂಧಿ. ಕಾಯಿ ಗಟ್ಟಿ, ಮೇಲೆ ಮುಳ್ಳು. ಅದನ್ನು ಕೊಕ್ಕಿನಲ್ಲಿ ಕಚ್ಚಿ, ತಿರುಚಿ, ಮೂಲೆ ಮುರಿದು ಒಳಗಿನ ಬೀಜ ತೆಗೆಯಬೇಕು. ದಪ್ಪ ಕೊಕ್ಕಿನ ಹಕ್ಕಿಗೆ ಅದು ಆಗುತ್ತದೆ, ಸಣ್ಣ ಕೊಕ್ಕಿನದಕ್ಕೆ ಆಗುವುದಿಲ್ಲ. ಅಲ್ಲಿನ ಮಧ್ಯಮ ಗಾತ್ರದ ನೆಲ ಫಿಂಚ್‌ಗಳಲ್ಲಿ ಸುಮಾರು ಶೇ. 85ರಷ್ಟು ಸತ್ತವು. ಉಳಿದವುಗಳ ಕೊಕ್ಕಿನ ದಪ್ಪ ಮೊದಲಿನ ಸರಾಸರಿಗಿಂತ ಅರ್ಧ ಮಿಲಿಮೀಟರಿನಷ್ಟು ಜಾಸ್ತಿ ಇತ್ತು. ಅರ್ಧ ಮಿಲಿಮೀಟರು! ಬದುಕು ಸಾವು ಅಷ್ಟರಲ್ಲಿ ತೀರ್ಮಾನವಾಗಿತ್ತು. ಕೊಕ್ಕಿನ ಗಾತ್ರ ಅಪ್ಪ ಅಮ್ಮನಿಂದ ಬರುವುದರಿಂದ ಮುಂದಿನ ಮರಿಗಳ ಕೊಕ್ಕೂ ದಪ್ಪಗಿತ್ತು.

ಮಕ್ಕಳಿಗೆ ಒಂದು ಮಾತು ಒತ್ತಿ ಹೇಳಿ. ಯಾವ ಹಕ್ಕಿಯೂ ಕಷ್ಟಪಟ್ಟು ಕೊಕ್ಕು ಬೆಳೆಸಿಕೊಳ್ಳಲಿಲ್ಲ. ದಪ್ಪ ಕೊಕ್ಕಿನವು ಮೊದಲೇ ಇದ್ದವು, ಬರ ಬಂದಾಗ ಅವು ಉಳಿದವು ಅಷ್ಟೇ.

ಮುಂದೇನಾಯಿತು ನೋಡಿ. 1983ರಲ್ಲಿ ಎಲ್ ನಿನೋದಿಂದಾಗಿ, ಅಂದರೆ ಪೆಸಿಫಿಕ್ ಸಾಗರದ ನೀರು ಎಂದಿಗಿಂತ ಬಿಸಿಯಾಗಿದ್ದರಿಂದ, ಭಾರೀ ಮಳೆ ಸುರಿಯಿತು. ಬಳ್ಳಿಗಳು ಹಬ್ಬಿ ಸಣ್ಣ ಬೀಜ ರಾಶಿರಾಶಿ ಬಂತು. ಈಗ ಸಣ್ಣ ಕೊಕ್ಕಿನವುಗಳಿಗೆ ಅನುಕೂಲ. 2004ರ ಹೊತ್ತಿಗೆ ಮತ್ತೆ ಬರ ಬಂದಾಗಲೂ ಕೊಕ್ಕು ಕುಗ್ಗಿತು. ಯಾಕೆಂದರೆ ಅಷ್ಟರಲ್ಲಿ ಇನ್ನೂ ದೊಡ್ಡ ಫಿಂಚ್ ಒಂದು ದ್ವೀಪಕ್ಕೆ ಬಂದು ನೆಲೆಸಿ, ಆ ಗಟ್ಟಿ ಕಾಯಿಗಳಿಗೆ ಪೈಪೋಟಿ ಕೊಡುತ್ತಿತ್ತು. ಹೀಗೆ ಮೂವತ್ತು ವರ್ಷ ಕೊಕ್ಕು ಹಿಗ್ಗಿತು, ಕುಗ್ಗಿತು. ಹಕ್ಕಿ ಮಾತ್ರ ಒಂದೇ ಜಾತಿಯಾಗಿ ಉಳಿಯಿತು. ದಪ್ಪ ಕೊಕ್ಕಿನದೂ ಸಣ್ಣ ಕೊಕ್ಕಿನದೂ ಅದೇ ದ್ವೀಪದಲ್ಲಿ ಜೋಡಿಯಾಗುತ್ತಿದ್ದವಲ್ಲ, ಆಯ್ಕೆ ತಂದ ವ್ಯತ್ಯಾಸ ಮತ್ತೆ ಮತ್ತೆ ಬೆರೆತುಹೋಗುತ್ತಿತ್ತು.

ಬೆರೆಯಲು ದಾರಿಯೇ ಇಲ್ಲದಿದ್ದರೆ? ಅದಕ್ಕೆ ಉದಾಹರಣೆ ನಿಮ್ಮ ಜಿಲ್ಲೆಯಲ್ಲೇ ಇದೆ. ಬಾಬಾ ಬುಡನ್‌ಗಿರಿಯ ಶೋಲಾ ಕಾಡಿನಲ್ಲಿ ಒಂದು ಪುಟ್ಟ ನೀಲಿ ಹಕ್ಕಿ ಇದೆ, ನೀಲಗಿರಿ ಶೋಲಾಕಿಳಿ. ಪೊದೆಯ ಕತ್ತಲಲ್ಲಿ, ನೆಲಕ್ಕೆ ಹತ್ತಿರದಲ್ಲೇ ಓಡಾಡಿಕೊಂಡಿರುವ ಹಕ್ಕಿ. ಇದಕ್ಕೆ ಎತ್ತರದ ಬೆಟ್ಟದ ತಂಪು ಕಾಡೇ ಬೇಕು. ನೀಲಗಿರಿಯ ದಕ್ಷಿಣಕ್ಕೆ ಪಶ್ಚಿಮ ಘಟ್ಟ ತಟ್ಟನೆ ಕುಸಿದು ಪಾಲಕ್ಕಾಡ್ ಕಣಿವೆಯಾಗುತ್ತದೆ. 30–40 ಕಿ.ಮೀ. ಅಗಲ, ಎತ್ತರ 300 ಮೀಟರಿಗಿಂತ ಕಡಿಮೆ. ನಮಗೆ ರೈಲಿನಲ್ಲಿ ಸ್ವಲ್ಪ ಹೊತ್ತಿನ ದಾರಿ, ಈ ಹಕ್ಕಿಗೆ ಸಮುದ್ರ.

ಕಣಿವೆಯ ಆಚೆ, ಆನೆಮಲೆ ಮತ್ತು ಪಳನಿ ಬೆಟ್ಟಗಳಲ್ಲಿ ಇದರ ದಾಯಾದಿ ಇದೆ. ನಮ್ಮದಕ್ಕೆ ಹೊಟ್ಟೆಯ ಪಕ್ಕದಲ್ಲಿ ಕಂದುಗೆಂಪು ಬಣ್ಣ, ಅದಕ್ಕೆ ಬಿಳಿ ಹೊಟ್ಟೆ. ಬಹಳ ಕಾಲ ಎರಡನ್ನೂ ಒಂದೇ ಪ್ರಭೇದ (ನಾವು ಜಾತಿ ಅನ್ನುವುದೂ ಇದನ್ನೇ) ಅಂದುಕೊಂಡಿದ್ದರು. ವಿಜ್ಞಾನಿಗಳಾದ ವಿ. ವಿ. ರಾಬಿನ್, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಡಿಎನ್‌ಎ, ಹಾಡು, ಮೈಬಣ್ಣ ಎಲ್ಲವನ್ನೂ ಹೋಲಿಸಿದರು. 2017ರಲ್ಲಿ ಇವುಗಳಿಗೆ ಶೋಲಿಕೋಲಾ ಅಂತ ಹೊಸ ಕುಲವನ್ನೇ (ಹತ್ತಿರದ ಪ್ರಭೇದಗಳ ಗುಂಪು) ಮಾಡಿದರು. ಇನ್ನೂ ದಕ್ಷಿಣಕ್ಕೆ, ಶೆಂಕೋಟೈ ಕಣಿವೆಯ ಆಚೆ ಇರುವುದು ಮೂರನೇ ಪ್ರಭೇದ ಅಂತಲೂ ಗುರುತಿಸಿದರು. ಅದೇ ಬೆಟ್ಟಗಳ ಲಾಫಿಂಗ್‌ಥ್ರಷ್ ಹಕ್ಕಿಗಳೂ ಹೀಗೇ ಕಣಿವೆಗಳ ಗೆರೆಯಲ್ಲಿ ಬೇರೆಬೇರೆಯಾಗಿವೆ.

ಇಲ್ಲಿ ಪ್ರತಿಯೊಂದು ವ್ಯತ್ಯಾಸಕ್ಕೂ ಒಂದು ಲಾಭ ಹುಡುಕಬೇಕಾಗಿಲ್ಲ. ಎರಡು ಗುಂಪು ದೂರವಾದ ಮೇಲೆ ಎರಡರಲ್ಲೂ ಡಿಎನ್‌ಎಯಲ್ಲಿ ಹುಟ್ಟುವ ಹೊಸ ಬದಲಾವಣೆಗಳು ಬೇರೆ. ಗುಂಪು ಚಿಕ್ಕದಾದಷ್ಟೂ ಆಕಸ್ಮಿಕದ ಕೈ ಜಾಸ್ತಿ. ಆಯ್ಕೆ, ಆಕಸ್ಮಿಕ, ಕಾಲ ಮೂರೂ ಸೇರಿ ದೂರ ಹೆಚ್ಚುತ್ತಾ ಹೋಗುತ್ತದೆ. ಆದರೆ ಅಗಲಿಕೆ ಅಂದರೆ ಯಾವಾಗಲೂ ಹೊಸ ಪ್ರಭೇದ ಅಂತಲ್ಲ. ಟೀ ತೋಟ, ನೆಡುತೋಪು, ರಸ್ತೆಗಳ ನಡುವೆ ತುಂಡುತುಂಡಾದ ಶೋಲಾದಲ್ಲಿ ಬೆರಳೆಣಿಕೆಯ ಹಕ್ಕಿಗಳು ಸಿಕ್ಕಿಕೊಂಡರೆ ಅವು ಬೇರೆ ಜಾತಿಯಾಗುವ ಮೊದಲೇ ಅಳಿದುಹೋಗುವ ಸಂಭವವೇ ಹೆಚ್ಚು. ಇದನ್ನೂ ಮಕ್ಕಳಿಗೆ ಹೇಳಲೇಬೇಕು ಅನ್ನಿಸುತ್ತದೆ ನನಗೆ.

ಇನ್ನು ಕಣ್ಣಾರೆ ನೋಡಿದ್ದಾರಾ ಅನ್ನುವ ಮಾತು. ಮತ್ತೆ ಡ್ಯಾಫ್ನೆಗೆ ಹೋಗಬೇಕು. 1981ರಲ್ಲಿ ಅಲ್ಲಿಗೆ ಒಂದು ಅಪರಿಚಿತ ಗಂಡು ಫಿಂಚ್ ಬಂತು. ಮೈ ದೊಡ್ಡದು, ಹಾಡು ಬೇರೆ. 100 ಕಿ.ಮೀ.ಗೂ ಆಚೆಯ ಎಸ್ಪನ್ಯೋಲಾ ದ್ವೀಪದ್ದು ಅಂತ ಆಮೇಲೆ ಡಿಎನ್‌ಎಯಿಂದ ತಿಳಿಯಿತು. ವಾಪಸು ಹೋಗಲಾರದ ಆ ಗಂಡು ಸ್ಥಳೀಯ ಹೆಣ್ಣಿನ ಜೊತೆ ಜೋಡಿಯಾಯಿತು. ಫಿಂಚ್‌ಗಳಲ್ಲಿ ಗಂಡುಮರಿ ಹಾಡು ಕಲಿಯುವುದು ಅಪ್ಪನಿಂದ. ಹಾಗಾಗಿ ಮಕ್ಕಳೂ ಪರದೇಶದ ಹಾಡನ್ನೇ ಹಾಡಿದವು, ಸ್ಥಳೀಯ ಹೆಣ್ಣುಗಳು ಹತ್ತಿರ ಬರಲಿಲ್ಲ. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಈ ವಂಶದವು ತಮ್ಮತಮ್ಮಲ್ಲೇ ಜೋಡಿಯಾಗತೊಡಗಿದವು. ಮಧ್ಯೆ ಒಂದು ಬರದಲ್ಲಿ ಬದುಕುಳಿದಿದ್ದು ಅಣ್ಣ ತಂಗಿ ಎರಡೇ. ಆ ಎರಡರಿಂದಲೇ ವಂಶ ಮತ್ತೆ ಬೆಳೆಯಿತು. ಅವುಗಳ ಕೊಕ್ಕು ದ್ವೀಪದ ಬೇರೆ ಯಾವ ಫಿಂಚ್‌ನ ಕೊಕ್ಕಿನಂತೆಯೂ ಇರಲಿಲ್ಲ.

ಹೊಸ ಪ್ರಭೇದ ಅಂತ ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟಿಲ್ಲ, ಗ್ರಾಂಟ್ ದಂಪತಿ 'ಬಿಗ್ ಬರ್ಡ್' ಅಂತಷ್ಟೇ ಕರೆದರು. ಆದರೆ ಒಂದೇ ದ್ವೀಪ, ಅಕ್ಕಪಕ್ಕದ ಗೂಡು, ಆದರೂ ಬೆರೆಯಲಿಲ್ಲ. ಇಲ್ಲಿ ಬೆಟ್ಟವೂ ಅಡ್ಡ ಬರಲಿಲ್ಲ, ಕಣಿವೆಯೂ ಬರಲಿಲ್ಲ. ಅಡ್ಡ ಬಂದಿದ್ದು ಅಪ್ಪನಿಂದ ಕಲಿತ ಹಾಡು.

– ಸಂಪಾದಕ