ಮಗನ ಕೈತೊಳೆಯುವ ಗೀಳು: ನಿಮ್ಹಾನ್ಸ್‌ಗೆ ಹೋಗಬೇಕೇ, ಇಲ್ಲೇ ಮಾತ್ರೆ ಶುರು ಮಾಡಬೇಕೇ?

ಡೊಂಬಿವಲಿಯಿಂದ ಕೇಳಿದ್ದೀರಿ. 12 ವರ್ಷದ ಮಗ ಲೋಕಲ್ ಟ್ರೇನ್ ಇಳಿದು ಮನೆಗೆ ಬಂದರೆ ಮೊಣಕೈವರೆಗೆ ತೊಳೆಯುತ್ತಾನೆ, ‘ಅಮ್ಮಾ, ಹೋಯ್ತಾ?’ ಅಂತ ಕೇಳುತ್ತಲೇ ಇರುತ್ತಾನೆ. ಡಾಕ್ಟರು ಒಸಿಡಿ, ಅಂದರೆ ಬೇಡದ ಅನುಮಾನ ಬಂದು ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಗೀಳು ಕಾಯಿಲೆ ಅಂದಿದ್ದಾರೆ, ಅತ್ತೆಯವರು ಮಡಿ ಅಂದಿದ್ದಾರೆ. ಮುಲುಂಡಿನ ನಮ್ಮ ಮನೆಯಲ್ಲಿ ಇದೇ ಪ್ರಶ್ನೆ ‘ಅಪ್ಪಾ, ಏನೂ ಆಗಲ್ಲ ಅಲ್ವಾ?’ ಅಂತ ಬರುತ್ತಿತ್ತು. ನಾವು ಉತ್ತರ ಕೊಡುತ್ತಿದ್ದೆವು. ಕೆಟ್ಟಿದ್ದು ಅಲ್ಲೇ.

‘ಹೋಯ್ತು ಕಂದಾ, ಕೈ ಕ್ಲೀನಾಗಿದೆ’ ಅಂದ ಕೂಡಲೇ ಹುಡುಗನ ಭಯ ಸರ್ರನೆ ಇಳಿಯುತ್ತದೆ. ಇಳಿಯುತ್ತದಲ್ಲ, ತೊಂದರೆ ಅದೇ. ಅಮ್ಮ ಹೇಳಿದ್ದಕ್ಕೆ ಬಚಾವಾದೆ ಅಂತ ಅವನ ಮೆದುಳು ಬರೆದಿಟ್ಟುಕೊಳ್ಳುತ್ತದೆ. ಸುಮ್ಮನೆ ಕೂತಿದ್ದರೂ ಭಯ ಇಳಿಯುತ್ತಿತ್ತು, ಇಳಿಯದಿದ್ದರೂ ತಡೆದುಕೊಳ್ಳಬಹುದಿತ್ತು ಅನ್ನುವುದನ್ನು ಕಲಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಮುಂದಿನ ಸಲ ಅನುಮಾನ ಬೇಗ ಬರುತ್ತದೆ. ಒಂದು ‘ಹೂಂ’ ಸಾಲದು, ‘ಸರಿಯಾಗಿ ನೋಡಿ ಹೇಳು’ ಆಗುತ್ತದೆ. ಈ ‘ಹೂಂ’ ಬಾಯಲ್ಲೇ ಬರಬೇಕೆಂದಿಲ್ಲ. ಅವನಿಗೆಂದೇ ಬೇರೆ ಟವೆಲ್, ನಲ್ಲಿ ತಿರುಗಿಸಿಕೊಡುವುದು, ಸ್ಕೂಲ್ ಬ್ಯಾಗನ್ನು ಬಾಗಿಲ ಹೊರಗೇ ಇಡಿಸುವುದು, ಬೆಳಿಗ್ಗೆ ನೀರು ಬಂದಾಗ ಅವನಿಗಾಗಿ ಒಂದು ಬಕೆಟ್ ಹೆಚ್ಚಿಗೆ ತುಂಬಿಡುವುದು, ಎಲ್ಲವೂ ಅದೇ ‘ಹೂಂ’. ನಮ್ಮಲ್ಲಿ ಎಲ್ಲ ಪ್ರೀತಿಯಿಂದ ನಡೆಯಿತು, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಎಂಟನೇ ಕ್ಲಾಸಿನ ಒಂದು ಟರ್ಮ್ ಹೋಯಿತು. ಬೈದು ನಿಲ್ಲಿಸಬಹುದು ಅಂದುಕೊಳ್ಳಬೇಡಿ. ಬೈದರೆ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ತೊಳೆಯುತ್ತಾನೆ, ಅಷ್ಟೇ.

ಅಂದಹಾಗೆ ಮಡಿಯ ವಿಷಯ. ಅತ್ತೆಯವರ ಮಡಿ ಸ್ನಾನ, ಪೂಜೆ ಮುಗಿದರೆ ಮುಗಿಯಿತು. ಇವನದು ಮುಗಿಯುವುದೇ ಇಲ್ಲ, ಹೀಗೆ ತೊಳೆಯುವುದು ಅವನಿಗೂ ಬೇಕಾಗಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನ ಒಸಿಡಿ ಕ್ಲಿನಿಕ್ ಒಳ್ಳೆಯದೇ. ಆದರೆ ಚಿಕಿತ್ಸೆಯ ತಿರುಳಾದ ಇಆರ್‌ಪಿ ನಡೆಯಬೇಕಾದ್ದು ಡೊಂಬಿವಲಿ ಸ್ಟೇಷನ್ನಿನ ಬ್ರಿಡ್ಜಿನ ಮೇಲೆ ಮತ್ತು ನಿಮ್ಮ ಬಚ್ಚಲಲ್ಲಿ. ಭಯ ಹುಟ್ಟಿಸುವುದನ್ನು ಬೇಕೆಂದೇ ಮುಟ್ಟಿ ತೊಳೆಯದೆ ಇರುವುದನ್ನು ಕಲಿಸುವ ವಿಧಾನ ಅದು. ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 14 ಸೆಷನ್, ನಡುವೆ ದಿನಾ ಮನೆಯಲ್ಲಿ ಅಭ್ಯಾಸ. ಮುಂಬೈನ ಕೆಇಎಂ, ಸಯನ್, ನಾಯರ್ ಮೂರು ಆಸ್ಪತ್ರೆಗಳಲ್ಲೂ ಮನೋರೋಗ ವಿಭಾಗವಿದೆ, ಮೊದಲು ಅಲ್ಲಿ ತೋರಿಸಿ. ಈಗಿನ ಕೌನ್ಸೆಲರ್ ಬರೀ ಮಾತಾಡಿಸಿ, ಉಸಿರಾಟ ಹೇಳಿಕೊಟ್ಟು, ‘ಏನೂ ಆಗಲ್ಲ’ ಅಂತ ಸಮಾಧಾನ ಮಾಡಿ ಕಳಿಸುತ್ತಿದ್ದರೆ ಬಿಟ್ಟುಬಿಡಿ. ಹೊಸಬರನ್ನು ಹೀಗೆ ಕೇಳಿ: ಇಆರ್‌ಪಿ ಮಾಡಿಸ್ತೀರಾ? ಮನೆಗೆಲಸ ಕೊಡ್ತೀರಾ? ತಂದೆತಾಯಿಯನ್ನೂ ಕೂರಿಸ್ಕೋತೀರಾ? ಮೂರಕ್ಕೂ ಹೌದು ಬರಬೇಕು.

ಮೊದಲ ಕೆಲಸ ಭಯದ ಏಣಿ. ಯಾವುದು ಎಷ್ಟು ಕಷ್ಟ ಅಂತ 0ಯಿಂದ 10ರವರೆಗೆ ಅಂಕ ಹಾಕಬೇಕಾದವನು ಅವನು, ನೀವಲ್ಲ. ಬ್ರಿಡ್ಜಿನ ಕಟಕಟೆ 3, ಲೋಕಲ್‌ನ ಹಿಡಿಕೆ 6, ಹಿಡಿಕೆ ಮುಟ್ಟಿದ ಕೈಯಲ್ಲಿ ತನ್ನ ದಿಂಬು ಮುಟ್ಟುವುದು 9, ಹೀಗೆ. 3 ಅಥವಾ 4ರಿಂದ ಶುರು. ಮುಟ್ಟಬೇಕಾದವನೂ ಅವನೇ; ಕೈ ಹಿಡಿದು ಮುಟ್ಟಿಸಿದರೆ ಏಣಿಯ ಮೇಲಿನ ನಂಬಿಕೆಯೇ ಹೋಗುತ್ತದೆ. ಮುಟ್ಟಿದ ಮೇಲೆ ತೊಳೆಯದೆ ಇರುವುದು, ಕೆಲವು ನಿಮಿಷಕ್ಕೊಮ್ಮೆ ಅಂಕ ಕೇಳಿ ಬರೆಯುವುದು. ಅದೇ ಮೆಟ್ಟಿಲು ದಿನಾ, ಬೇಸರ ಬರುವವರೆಗೆ.

ಕೈಕೊಡುವುದು ಸಣ್ಣ ಕಳ್ಳದಾರಿಗಳಲ್ಲಿ. ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾನೆ. ಮುಟ್ಟಿದ ಬೆರಳನ್ನು ಮಡಚಿ ಬೇರೆಯಾಗಿ ಇಟ್ಟುಕೊಳ್ಳುತ್ತಾನೆ. ಜೇಬಲ್ಲಿ ಸ್ಯಾನಿಟೈಸರ್ ಇರುತ್ತದೆ. ‘ರಾತ್ರಿ ಸ್ನಾನದಲ್ಲಿ ಹೋಗತ್ತೆ’ ಅಂತ ಮನಸ್ಸಲ್ಲೇ ತೊಳೆದುಕೊಳ್ಳುವುದೂ ತೊಳೆದ ಹಾಗೆಯೇ. ನಿಮ್ಮ ಮುಖ ನೋಡಿದರೆ ಸಾಕು, ಅವನಿಗೆ ಉತ್ತರ ಸಿಕ್ಕಿಬಿಡುತ್ತದೆ. ಹಾಗಾಗಿ ಆ ಹೊತ್ತಲ್ಲಿ ಸೊಪ್ಪು ಬಿಡಿಸುತ್ತಾ ಕೂತರೆ ಒಳ್ಳೆಯದು.

ನಿಮ್ಮ ಪಾಲಿನ ಕೆಲಸ ಬೇರೆ. ಎಲ್ಲ ಸಹಾಯವನ್ನೂ ಒಂದೇ ದಿನ ನಿಲ್ಲಿಸಬೇಡಿ. ಒಂದನ್ನು ಆರಿಸಿ, ಅವನು ಶಾಂತವಾಗಿದ್ದಾಗ ಮೊದಲೇ ಹೇಳಿ, ಕಾಗದದಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿ: ‘ಸೋಮವಾರದಿಂದ ಕೈ ಬಗ್ಗೆ ಕೇಳಿದರೆ ಉತ್ತರ ಇಲ್ಲ’. ಕೇಳಿದಾಗ ಇಷ್ಟೇ ಮಾತು: ‘ಕಷ್ಟ ಆಗ್ತಿದೆ ಅಂತ ಗೊತ್ತು ಪುಟ್ಟಾ. ಇದು ಒಸಿಡಿ ಕೇಳ್ತಿರೋ ಪ್ರಶ್ನೆ. ನೀನು ತಡ್ಕೋತೀಯ.’ ಸೆಷನ್ ಹಿಂದಿಯಲ್ಲೋ ಮರಾಠಿಯಲ್ಲೋ ನಡೆಯಬಹುದು, ಆದರೆ ಅನುಮಾನ ಬರುವುದು ಮನೆಯ ಕನ್ನಡದಲ್ಲಿ. ಈ ಮಾತು ಕನ್ನಡದಲ್ಲೇ ಇರಲಿ, ಅಪ್ಪ, ಅಮ್ಮ, ಅಜ್ಜಿ ಮೂವರೂ ಇದನ್ನೇ ಹೇಳಲಿ. ಶುರುವಿನಲ್ಲಿ ಕೂಗಾಟ ಹೆಚ್ಚಾಗುತ್ತದೆ. ಆಗ ಅಜ್ಜಿ ಗುಟ್ಟಾಗಿ ‘ಹೋಯ್ತು ಮರಿ’ ಅಂದರೆ, ಇನ್ನೂ ಜೋರಾಗಿ ಕೂಗಿದರೆ ಸಿಗುತ್ತದೆ ಅಂತ ಕಲಿಯುತ್ತಾನೆ. ಆಮೇಲೆ ನಿಲ್ಲಿಸುವುದು ಮೊದಲಿಗಿಂತ ಕಷ್ಟ.

ಮಾತ್ರೆಗೆ ಹೆದರಬೇಡಿ, ಅದೊಂದನ್ನೇ ನೆಚ್ಚಿಕೊಳ್ಳಲೂ ಬೇಡಿ. 2004ರಲ್ಲಿ ಅಮೆರಿಕದಲ್ಲಿ 7ರಿಂದ 17 ವಯಸ್ಸಿನ 112 ಮಕ್ಕಳ ಮೇಲೆ 12 ವಾರದ ಅಧ್ಯಯನ ನಡೆಯಿತು. ಲಕ್ಷಣ ಹೆಚ್ಚುಕಡಿಮೆ ಹೋದವರು, ಇಆರ್‌ಪಿ ಸೇರಿದ ಥೆರಪಿ ಮತ್ತು ಸರ್ಟ್ರಲೀನ್ ಅನ್ನುವ ಮಾತ್ರೆ ಎರಡೂ ಸಿಕ್ಕ ಗುಂಪಿನಲ್ಲಿ ನೂರಕ್ಕೆ ಸುಮಾರು 54, ಥೆರಪಿ ಮಾತ್ರ 39, ಮಾತ್ರೆ ಮಾತ್ರ 21, ಔಷಧವೇ ಇಲ್ಲದ ಹುಸಿ ಮಾತ್ರೆಯಲ್ಲಿ 4. ಹಗುರದಿಂದ ಮಧ್ಯಮ ಮಟ್ಟದ್ದಾದರೆ ಮೊದಲು ಥೆರಪಿ. ಶಾಲೆ ಬಿಟ್ಟಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಏಣಿಯ ಕೆಳಗಿನ ಮೆಟ್ಟಿಲೂ ಹತ್ತಲಾಗದಿದ್ದರೆ ಎರಡೂ ಬೇಕು. 6ರಿಂದ 12 ವಯಸ್ಸಿಗೆ ಸರ್ಟ್ರಲೀನ್ ಸಾಮಾನ್ಯವಾಗಿ 25 ಮಿಲಿಗ್ರಾಂನಿಂದ ಶುರುವಾಗಿ ನಿಧಾನಕ್ಕೆ ಏರುತ್ತದೆ. ಎಷ್ಟು, ಯಾವಾಗ ಅನ್ನುವುದು ಮನೋವೈದ್ಯರಿಗೆ ಬಿಟ್ಟದ್ದು. ಪೂರ್ತಿ ಫಲ ಕಾಣಲು 8ರಿಂದ 12 ವಾರ ಬೇಕು. ಎರಡೇ ವಾರಕ್ಕೆ ‘ಕೆಲಸ ಮಾಡ್ತಿಲ್ಲ’ ಅಂತ ಬಿಡಬೇಡಿ. ಶುರುವಿನ ವಾರಗಳಲ್ಲಿ, ಡೋಸ್ ಬದಲಾದಾಗ ವಿಪರೀತ ಚಡಪಡಿಕೆ, ಸಾಯುವ ಮಾತು ಕಂಡರೆ ಅವತ್ತೇ ಡಾಕ್ಟರಿಗೆ ತಿಳಿಸಿ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರ್ಕಾರದ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಜೀವಕ್ಕೇ ಅಪಾಯ ಅನ್ನಿಸಿದರೆ ಫೋನಲ್ಲಿ ಕಾಯದೆ ಸೀದಾ ಆಸ್ಪತ್ರೆಗೆ ಹೋಗಿ.

ಗುಣ ಕಂಡ ಮೇಲೂ ಮಾತ್ರೆ ಸುಮಾರು ಒಂದು ವರ್ಷ ಮುಂದುವರಿಯುತ್ತದೆ. ಇಳಿಸುವುದಾದರೆ ಡಾಕ್ಟರ ಲೆಕ್ಕದಂತೆ ಸ್ವಲ್ಪಸ್ವಲ್ಪವಾಗಿ, ಮೇ ರಜೆ ಶುರುವಾದ ಮೇಲೆ. ಮಾರ್ಚ್ ಪರೀಕ್ಷೆಯ ಹೊತ್ತಿಗೂ ಬೇಡ, ಜೂನ್‌ನಲ್ಲಿ ಶಾಲೆ ತೆರೆಯುವ ವಾರಕ್ಕೂ ಬೇಡ.