ಲುಸರ್ನ್‌ನಿಂದ ಲುಗಾನೊಗೆ ಬೆಟ್ಟದ ದಾರಿ
ಸ್ವಿಟ್ಜರ್ಲೆಂಡ್‌ನಲ್ಲಿ ಲುಸರ್ನ್‌ನಿಂದ ಲುಗಾನೊಗೆ ಕಾರಿನಲ್ಲಿ ಬೆಟ್ಟದ ಮೇಲಿಂದಲೇ ಹೋಗಬೇಕು, ಮ್ಯಾಪ್‌ನಲ್ಲಿ ಆ ದಾರಿ ಬರುತ್ತಿಲ್ಲ ಅಂದಿರಿ. ಮ್ಯಾಪ್ ಬೇಗ ತಲುಪುವ ದಾರಿಯನ್ನೇ ಹುಡುಕುತ್ತದೆ. ಅದಕ್ಕೇ ಲುಸರ್ನ್‌ನಿಂದ ಲುಗಾನೊಗೆ ಅಂತ ಹಾಕಿದರೆ ನಿಮಗೆ ಬೆಟ್ಟದ ರಸ್ತೆ ಸಿಗದೆ, ಸುಮಾರು 17 ಕಿ.ಮೀ. ಉದ್ದದ ಗೊತ್ತಾರ್ಡ್ ಸುರಂಗವೇ ಬರುತ್ತಿದೆ.

ಮಧ್ಯದಲ್ಲಿ ನಿಲ್ಲುವ ಜಾಗಗಳನ್ನು ನೀವೇ ಸೇರಿಸಿ. ಮೊದಲು ಆಂಡರ್‌ಮಾಟ್, ಆಮೇಲೆ ಗೊತ್ತಾರ್ಡ್ ಪಾಸ್ (ಪಾಸ್ ಅಂದರೆ ಬೆಟ್ಟ ದಾಟುವ ಎತ್ತರದ ದಾರಿ), ಕೊನೆಗೆ ಐರೋಲೊ. ಸುರಂಗದ ಬಾಯಿಗೆ ಮುಂಚೆಯೇ, ಗೋಶೆನೆನ್‌ನಲ್ಲಿ ಹೆದ್ದಾರಿ ಬಿಡಬೇಕು.

2,106 ಮೀಟರ್ ಎತ್ತರದ ಪಾಸ್‌ನಿಂದ ಇಳಿಯುವಾಗ ಹೊಸ ರಸ್ತೆ ಬೇಡ, ಟ್ರೆಮೋಲಾ ಅನ್ನುವ ಹಳೇ ರಸ್ತೆ ಹಿಡಿಯಿರಿ. ಕಲ್ಲು ಹಾಸಿದ ದಾರಿ, ಒಂದರ ಕೆಳಗೊಂದು 24 ಹೇರ್‌ಪಿನ್ ತಿರುವು. ಮೇಲಿನಿಂದ ನೋಡಿದರೆ ಇಳಿಯಬೇಕಾದ ಅಷ್ಟೂ ರಸ್ತೆ ಮಡಿಕೆ ಮಡಿಕೆಯಾಗಿ ಕಾಣುತ್ತದೆ. ಮಳೆ ಬಂದರೆ ಕಲ್ಲು ಜಾರುತ್ತದೆ. ಬ್ರೇಕ್ ಒತ್ತಿಕೊಂಡೇ ಇರಬೇಡಿ, ಎರಡನೇ ಗೇರ್‌ನಲ್ಲಿ ನಿಧಾನವಾಗಿ ಇಳಿಯಿರಿ.

ಇನ್ನೊಂದು ದಿನ ಇದ್ದರೆ ಆಂಡರ್‌ಮಾಟ್‌ನಲ್ಲೇ ಉಳಿದು ಫುರ್ಕಾ, ಗ್ರಿಮ್ಸೆಲ್, ಸುಸ್ಟನ್ ಮೂರೂ ಪಾಸ್‌ಗಳನ್ನು ಒಂದು ಸುತ್ತು ಹಾಕಿ. ನನ್ನ ಕೇಳಿದರೆ ಇದೇ ಜಾಸ್ತಿ ಚೆಂದ.

ಈ ಪಾಸ್‌ಗಳು ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತವೆ. ಹಿಮದ ಮೇಲೆ ನಿಂತ ವಿಷಯ, ದಿನಾಂಕ ಮೊದಲೇ ಹೇಳಲು ಆಗುವುದಿಲ್ಲ. ಹೊರಡುವ ಬೆಳಿಗ್ಗೆ ಒಮ್ಮೆ ನೋಡಿಕೊಳ್ಳಿ. ದಾರಿ ಬದಿಯ ಫಲಕದಲ್ಲಿ ಹಸಿರಿದ್ದರೆ ಹತ್ತಿ, ಕೆಂಪಿದ್ದರೆ ಸುರಂಗವೇ ಗತಿ.